ಹನ್ನೆರಡನೆಯ ಗುಂಡಿ

ಸ್ವಲ್ಪ ತಡೆಯಿರಿ, ಇದನ್ನು ಪೂರ್ತಿ ಕೇಳಿಕೊಂಡೇ ಹೋಗಿ. ಚೆಸ್ ಬರದಿದ್ದರೂ ಪರವಾಗಿಲ್ಲ. ಗಂಡ ಹೆಂಡತಿ ಒಂದೇ ಮೇಜಿಗೆ ಕೂತು ಮಾತಾಡುವುದನ್ನು ಎಂದಾದರೂ ಕೇಳಿಸಿಕೊಂಡಿದ್ದರೆ ಸಾಕು, ಅರ್ಥವಾಗುತ್ತದೆ. ಅರ್ಧಕ್ಕೆ ಎದ್ದು ಹೋದರೆ ಮಾತ್ರ ಇಬ್ಬರಲ್ಲಿ ಒಬ್ಬರ ಪಕ್ಷ ಹಿಡಿದುಕೊಂಡು ಹೋಗುತ್ತೀರಿ. ಅದು ಬೇಡ.

ಬುಧವಾರ ಬೆಳಗ್ಗೆ ಒಂಬತ್ತೂವರೆ. ಕಂಪೌಂಡರ್ ಲ್ಯಾಪ್‌ಟಾಪಿನ ಮುಂದೆ ಕೂತು ಹೆಂಡತಿಗೆ ಬಂದ ಪತ್ರವನ್ನು ಗಟ್ಟಿಯಾಗಿ ಓದುತ್ತಿದ್ದವರು, ಒಂದು ಸಾಲಿನ ನಡುವೆ ನಿಂತುಬಿಟ್ಟರು.

"ಮುಂದೆ," ಎಂದರು ಟೈಲರಮ್ಮ.

"ಮುಂದೆ ಏನಿಲ್ಲ. ಅಷ್ಟೇ."

"ರೀ, ವಾಕ್ಯ ಮುಗಿದಿಲ್ಲ. 'ಆದ ಕಾರಣ' ಅಂದ್ರಿ. ಆದ ಕಾರಣ ಏನು?"

ಕಂಪೌಂಡರ್ ಕುರ್ಚಿ ಸರಿಸಿದ ಸದ್ದಾಯಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ ಸದ್ದೂ ಆಯಿತು. "ಆದ ಕಾರಣ ಭಾನುವಾರದ ಆಟ ಸದ್ಯಕ್ಕೆ ತಡೆದಿದ್ದಾರಂತೆ. ಹೊರಗಿನ ಸಹಾಯ ಪಡೆದಿದ್ದೀರಿ ಅಂತ ಅನುಮಾನ. ಶುಕ್ರವಾರ ಹನ್ನೊಂದಕ್ಕೆ ಫೋನ್ ಮಾಡಿ ವಿಚಾರಿಸ್ತಾರಂತೆ."

ಟೈಲರಮ್ಮನ ತೊಡೆಯ ಮೇಲೆ ಗುಂಡಿಗಳ ಡಬ್ಬಿ ಇತ್ತು. ಅದರ ಮುಚ್ಚಳವನ್ನು ಅವರು ಒತ್ತಿ ಹಾಕಿದ ರಭಸಕ್ಕೆ ತಗಡು ಒಳಕ್ಕೆ ಬಾಗಿತು.

ಇಪ್ಪತ್ತಾರು ವರ್ಷ ಬಟ್ಟೆ ಕತ್ತರಿಸಿದ ಕೈ ಅದು. ಕಣ್ಣಿನ ಹಿಂದಿನ ಪರದೆ ಒಣಗುತ್ತಾ ಬಂದು, ಆರು ವರ್ಷದಲ್ಲಿ ಇದ್ದ ಬೆಳಕೆಲ್ಲ ಹೋದ ಮೇಲೆ ಅಂಗಡಿಯ ಕತ್ತರಿ ನಾದಿನಿಯ ಪಾಲಾಯಿತು. ಇವರಿಗೆ ಉಳಿದದ್ದು ಗುಂಡಿ, ಹುಕ್ಕು, ಅಂಚು. ದಿನಾ ಬೆಳಗ್ಗೆ ನಾದಿನಿ ಇಪ್ಪತ್ತು ಸೂಜಿಗಳಿಗೆ ದಾರ ಪೋಣಿಸಿ ಒಂದು ಪುಟ್ಟ ದಿಂಬಿಗೆ ಚುಚ್ಚಿ ಕೊಡುತ್ತಿದ್ದಳು. ಇಪ್ಪತ್ತು ಮುಗಿದರೆ ಮತ್ತೆ ಅವಳನ್ನೇ ಕರೆಯಬೇಕು. ರಸ್ತೆ ದಾಟಿಸಲು ಒಬ್ಬರು, ಚೀಟಿ ಓದಲು ಒಬ್ಬರು, ತಟ್ಟೆಯಲ್ಲಿ ಯಾವುದು ಯಾವ ಬದಿಗಿದೆ ಎಂದು ಹೇಳಲು ಒಬ್ಬರು. ಯಾರ ಕೈಯೂ ತಾಗದ ಜಾಗವೆಂದು ಉಳಿದದ್ದು ಒಂದೇ, ತಲೆಯೊಳಗಿನ ಅರವತ್ತನಾಲ್ಕು ಮನೆ. ಅಲ್ಲಿ ಕುದುರೆ ಎಲ್ಲಿದೆ, ಆನೆ ಎಲ್ಲಿದೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಏಳು ಭಾನುವಾರ ನಡೆಯುವ ಆನ್‌ಲೈನ್ ಪಂದ್ಯಾವಳಿ ಅದು. ಯಾರು ಬೇಕಾದರೂ ಸೇರಬಹುದು, ಮನೆಯಲ್ಲೇ ಕೂತು ಆಡಬಹುದು. ಕಣ್ಣು ಕಾಣದವರು ಒಬ್ಬ ಸಹಾಯಕನನ್ನು ಇಟ್ಟುಕೊಳ್ಳಬಹುದು. ಎದುರಾಳಿ ಏನು ನಡೆಸಿದರೆಂದು ಆತ ಓದಬೇಕು, ಇವರು ಹೇಳಿದ ನಡೆಯನ್ನು ಲ್ಯಾಪ್‌ಟಾಪಿನಲ್ಲಿ ಒತ್ತಬೇಕು, ಅದರಾಚೆ ಬಾಯಿ ಬಿಡಬಾರದು. ಕ್ಯಾಮೆರಾ ತೆರೆದಿರಬೇಕು, ಮೈಕ್ ತೆರೆದಿರಬೇಕು. ಕಂಪೌಂಡರೇ ಸಹಾಯಕ. ಆರು ಆಟದಲ್ಲಿ ಐದು ಗೆಲುವು, ಒಂದು ಡ್ರಾ. ಈ ಭಾನುವಾರ ಸೋಲದಿದ್ದರೆ ಟೈಲರಮ್ಮ ಮೊದಲನೆಯವರು. ಅರವತ್ತು ಜನರಲ್ಲಿ.

"ಬರೀರಿ," ಎಂದರು. "ನಾನು ಹೇಳ್ತೀನಿ, ಹಾಗೇ ಬರೀರಿ. ಒಂದಕ್ಷರ ಆಚೀಚೆ ಆಗಬಾರದು."

"ಈಗಲೇನಾ? ಸ್ವಲ್ಪ ಸಮಾಧಾನ ಮಾಡ್ಕೊಂಡು..."

"ಸಮಾಧಾನ ನಿಮ್ಮ ಅಂಗಡಿ ಬಾಟ್ಲೀಲಿ ಸಿಗುತ್ತಾ? ಸಿಕ್ಕರೆ ತನ್ನಿ, ಕುಡೀತೀನಿ. ಈಗ ಬರೀರಿ. 'ಮಾನ್ಯರೇ. ನನಗೆ ಕಣ್ಣಿಲ್ಲ, ತಲೆ ಇದೆ. ನನ್ನ ತಲೆಯೊಳಗೆ ಯಾರೂ ಕೈ ಹಾಕಿಲ್ಲ. ಕುರುಡಿ ಗೆದ್ದರೆ ಮೋಸ ಇರಲೇಬೇಕು ಅಂತ ನೀವು ಲೆಕ್ಕ ಹಾಕಿದ್ದೀರಿ.' ಬರೆದ್ರಾ?"

"ಬರೆದೆ."

"'ಪುರಾವೆ ಕಳಿಸಿ. ಇಲ್ಲದಿದ್ದರೆ ಕ್ಷಮೆ ಕೇಳಿ. ನಾಚಿಕೆ ಆಗಬೇಕು ನಿಮಗೆ.'"

ಕೀಬೋರ್ಡಿನ ಟಕಟಕ ನಿಂತಿತು. "'ನಾಚಿಕೆ ಆಗಬೇಕು ನಿಮಗೆ'... ಆಗಬೇಕಾ?"

ಟೈಲರಮ್ಮ ಒಂದು ಉಸಿರು ಯೋಚಿಸಿದರು. "ಸರಿ, ಅದೊಂದು ತೆಗೀರಿ. ಉಳಿದದ್ದು ಇರಲಿ. ಪುರಾವೆ ಕಳಿಸಲಿ, ನೋಡೇಬಿಡೋಣ."

ಕಂಪೌಂಡರ್ ಕಳಿಸಿದರು. ಕಳಿಸಿ, ಮೆಡಿಕಲ್ ಶಾಪಿಗೆ ಹೊತ್ತಾಯಿತೆಂದು ಚಹಾವನ್ನೂ ಕುಡಿಯದೆ ಹೊರಟರು. ಅವರು ಮೆಟ್ಟಿಲು ಇಳಿಯುವ ಚಪ್ಪಲಿ ಸದ್ದು ಎಂದಿಗಿಂತ ಬೇಗ ಬೇಗ ಕೇಳಿಸಿತು.

*

ಪುರಾವೆ ಗುರುವಾರ ಮಧ್ಯಾಹ್ನ ಬಂತು, ಟೈಲರಮ್ಮನ ಫೋನಿಗೇ ಬಂತು. ಜೊತೆಗೆ ತೀರ್ಪುಗಾರರ ನಾಲ್ಕು ಸಾಲು. ಆರೂ ಆಟಗಳ ಧ್ವನಿಯಲ್ಲಿ ನೀವು ನಡೆ ಹೇಳಿದ ಜಾಗಗಳನ್ನಷ್ಟೇ ಕತ್ತರಿಸಿ ಜೋಡಿಸಿದ್ದೇವೆ, ದಯವಿಟ್ಟು ಪೂರ್ತಿ ಕೇಳಿ, ನಿಮ್ಮ ಮೇಲೆ ನಮಗೆ ಗೌರವವಿದೆ.

"ಗೌರವ ಅಂತೆ," ಎಂದರು ಟೈಲರಮ್ಮ. "ಕಪಾಳಕ್ಕೆ ಹೊಡೆದು ಕೆನ್ನೆ ಸವರೋದು. ಹಾಕೇ ಅದನ್ನ."

ನಾದಿನಿ ಹೊಲಿಗೆ ಮಷೀನು ನಿಲ್ಲಿಸಿ ಫೋನನ್ನು ಕತ್ತರಿಸುವ ಹಲಗೆಯ ಮೇಲಿಟ್ಟು ಒತ್ತಿದಳು. ಅಂಗಡಿಯಲ್ಲಿ ಇಸ್ತ್ರಿಯ ಬಿಸಿ ವಾಸನೆ. ಹೊರಗೆ ರಸ್ತೆಯಲ್ಲಿ ಯಾರೋ ಗಾಡಿ ಚಾಲೂ ಮಾಡಲು ಒದ್ದಾಡುತ್ತಿದ್ದರು.

ಫೋನಿನಿಂದ ಟೈಲರಮ್ಮನದೇ ದನಿ ಬಂತು. "ಕುದುರೆ ಎಫ್ ಮೂರು." ಆಮೇಲೆ ಗಂಡನ ದನಿ. "ಆಯ್ತು." "ಒಂಟೆ ಸಿ ನಾಲ್ಕು." "ಆಯ್ತು." "ರಾಜನ ಕೋಟೆ." "ಆಯ್ತು." ಹೀಗೇ ಹತ್ತು ನಿಮಿಷ. ನಾದಿನಿಗೆ ಆಕಳಿಕೆ ಬಂತು.

"ಇದರಲ್ಲಿ ಏನಿದೆ ಅತ್ತಿಗೆ? ನೀವು ಹೇಳ್ತೀರಿ, ಅಣ್ಣ ಆಯ್ತು ಅಂತಾನೆ. ನಲವತ್ತು ವರ್ಷದಲ್ಲಿ ಅಣ್ಣ ಯಾರಿಗಾದ್ರೂ ಇಷ್ಟು ಸಲ ಆಯ್ತು ಅಂದಿದ್ದು ನಾನಂತೂ ಕೇಳಿಲ್ಲ. ಇದನ್ನೇ ಕ್ಯಾಸೆಟ್ ಮಾಡಿಸಿ ಇಟ್ಕೊಳ್ಳಿ."

ಅಷ್ಟರಲ್ಲಿ ಫೋನು ಹೇಳಿತು, "ಆನೆ ಇ ಒಂದು." ಗಂಡನ ದನಿ ಈ ಸಲ ತಡವಾಗಿ ಬಂತು. "ಆನೆ... ಇ ಒಂದಾ?" ಒಂದು ಮೌನ. ಮತ್ತೆ ಟೈಲರಮ್ಮನ ದನಿ. "ಇಲ್ಲ, ತಡೀರಿ. ಎಚ್ ಮೂರು, ಕಾಲಾಳು." "ಆಯ್ತು."

"ನಿಲ್ಲಿಸು," ಎಂದರು ಟೈಲರಮ್ಮ.

ನಾದಿನಿ ನಿಲ್ಲಿಸಿದಳು, ನಿಲ್ಲಿಸಿ ನಕ್ಕಳು. "ಇದೊಂದು ಮಾತ್ರ ಪಕ್ಕಾ ಅಣ್ಣನೇ. ಔಷಧಿ ಅಂಗಡೀಲೂ ಹೀಗೇ ಅಲ್ವಾ? ಆವತ್ತು ಆ ದೊಡ್ಡ ಡಾಕ್ಟ್ರು ಮಗೂಗೆ ಹತ್ತು ಪಟ್ಟು ಜಾಸ್ತಿ ಬರೆದಿದ್ರಂತಲ್ಲ, ಅಣ್ಣ ಫೋನ್ ಮಾಡಿ 'ಸಾರ್... ಐವತ್ತಾ?' ಅಂದ, ಅಷ್ಟೇ. ಆ ಕಡೆ ಉಸಿರೇ ಇಲ್ಲ. ಆಮೇಲೆ 'ಐದು, ಐದು' ಅಂದ್ರಂತೆ. ತಪ್ಪು ಅಂತ ಅಣ್ಣ ಯಾರಿಗೂ ಬಾಯಿಬಿಟ್ಟು ಹೇಳಲ್ಲ. ಕೇಳ್ತಾನೆ. ಅವರ ಮರ್ಯಾದೆ ಅವರ ಹತ್ರಾನೇ ಇರ್ಲಿ ಅಂತ."

ಟೈಲರಮ್ಮ ಕೈ ಚಾಚಿ ಗುಂಡಿಗಳ ಡಬ್ಬಿ ಎಳೆದುಕೊಂಡರು. ಎರಡು ಬಟ್ಟಲು ಕೇಳಿ ಪಡೆದು, ಒಂದನ್ನು ಬಲಕ್ಕೆ, ಒಂದನ್ನು ಎಡಕ್ಕೆ ಇಟ್ಟುಕೊಂಡರು.

"ಮೊದಲಿಂದ ಹಾಕು."

ಗಂಡ ಆಯ್ತು ಎಂದಾಗಲೆಲ್ಲ ಅಂಗಿಯ ಸಣ್ಣ ಗುಂಡಿ ಬಲದ ಬಟ್ಟಲಿಗೆ. ಗಂಡ ತಿರುಗಿ ಕೇಳಿದಾಗಲೆಲ್ಲ ಕೋಟಿನ ದೊಡ್ಡ ಗುಂಡಿ ಎಡದ ಬಟ್ಟಲಿಗೆ. ನಾದಿನಿಗೆ ಮೊದಮೊದಲು ಇದು ತಮಾಷೆಯಾಗಿ ಕಂಡಿತು. ಅತ್ತಿಗೆಯ ಮುಖ ನೋಡಿ ತೆಪ್ಪಗೆ ಮಷೀನಿನ ಮುಂದೆ ಹೋಗಿ ಕೂತಳು, ಆದರೆ ಹೊಲಿಯಲಿಲ್ಲ.

ಒಂದೂಕಾಲು ಗಂಟೆ. ಬಲದ ಬಟ್ಟಲು ತುಂಬಿ ಗುಂಡಿಗಳು ಹಲಗೆಯ ಮೇಲೆ ಚೆಲ್ಲುತ್ತಿದ್ದವು. ಎಡದಲ್ಲಿ ಹನ್ನೊಂದು. ಟೈಲರಮ್ಮ ಆ ಹನ್ನೊಂದನ್ನು ಒಂದೊಂದಾಗಿ ಎತ್ತಿ ಬೆರಳಲ್ಲಿ ತಿರುಗಿಸುತ್ತಾ ಆ ಹೊತ್ತಿನ ಚೆಸ್ ಹಲಗೆಯನ್ನು ತಲೆಯೊಳಗೆ ಜೋಡಿಸಿದರು. ತಾನು ಮೊದಲು ಹೇಳಿದ್ದು ಯಾವುದು, ಆಮೇಲೆ ಬದಲಿಸಿದ್ದು ಯಾವುದು. ಮೊದಲನೆಯದು, ಕುದುರೆ ಹೋಗುತ್ತಿತ್ತು. ಎರಡನೆಯದು, ಏಳು ನಡೆಯಲ್ಲಿ ಸೋಲು. ಮೂರನೆಯದು, ಸೋಲು. ನಾಲ್ಕನೆಯದು ಅವರಿಗೇ ಸ್ವಲ್ಪ ಹೊತ್ತು ಹಿಡಿಯಿತು, ಅದೂ ಸೋಲೇ. ಹನ್ನೊಂದೂ ತಪ್ಪು ನಡೆ. ಸರಿಯಾದ ನಡೆ ಹೇಳಿದಾಗ ಗಂಡ ಒಂದೇ ಒಂದು ಸಲವೂ ತಿರುಗಿ ಕೇಳಿರಲಿಲ್ಲ.

ಆದರೆ ಕಂಪೌಂಡರಿಗೆ ಚೆಸ್ ಬರುತ್ತಿರಲಿಲ್ಲ. ಕಾಯಿ ಹೇಗೆ ನಡೆಯುತ್ತದೆ ಎಂಬುದಷ್ಟೇ ಗೊತ್ತು. ಮದುವೆಯಾದ ಹೊಸತರಲ್ಲಿ ಹೇಳಿಕೊಡಲು ಹೋಗಿ ಟೈಲರಮ್ಮನೇ ಕೈಬಿಟ್ಟಿದ್ದರು.

"ಅತ್ತಿಗೆ, ನೀರು ಕೊಡ್ಲಾ?"

"ಬೇಡ. ಈ ಬಟ್ಟಲು ಮನೆಗೆ ತಗೊಂಡು ಹೋಗ್ತೀನಿ. ಕಟ್ಟಿಕೊಡು."

*

ಸಂಜೆ ಆರೂವರೆಗೆ ಕಂಪೌಂಡರ್ ಬಂದರು. ಅವರಿಗಿಂತ ಮೊದಲು ಅವರ ಅಂಗಿಯ ಔಷಧಿ ವಾಸನೆ ಬಂತು.

"ಕೈಕಾಲು ತೊಳ್ಕೊಂಡು ಬನ್ನಿ," ಎಂದರು ಟೈಲರಮ್ಮ. "ಒಂದು ಆಟ ಆಡೋಣ. ಪಂದ್ಯ ಅಲ್ಲ, ಸುಮ್ಮನೆ. ಯಾರಾದ್ರೂ ಸಿಕ್ಕವರ ಜೊತೆ."

"ವಿಚಾರಣೆ ಮುಗೀಲಿ ಕಣೇ."

"ಕೈ ಜಡ್ಡು ಹಿಡಿಯುತ್ತೆ. ಕೂತ್ಕೊಳ್ಳಿ."

ಕೂತರು. ಎಂದಿನಂತೆ ಟವೆಲ್ಲನ್ನು ತೊಡೆಯ ಮೇಲೆ ಹರಡಿಕೊಂಡರು. ಆ ಬಟ್ಟೆಯ ಸದ್ದನ್ನು ಟೈಲರಮ್ಮ ಆರು ಭಾನುವಾರ ಕೇಳಿದ್ದರು. ಬೆವರುತ್ತಾರೆ, ಪಾಪ, ನನಗಿಂತ ಇವರಿಗೇ ಗಾಬರಿ ಜಾಸ್ತಿ ಎಂದುಕೊಂಡಿದ್ದರು. ಮೂವತ್ತು ವರ್ಷ ಎಡಗೈಯಲ್ಲಿ ಮಾತ್ರೆ ಎಣಿಸುತ್ತಾ ಬಲಗೈಯಲ್ಲಿ ಚೀಟಿ ಬರೆದ ಮನುಷ್ಯ ಎಂಬುದು ಈಗ ನೆನಪಾಯಿತು.

ಎಲ್ಲಿಂದಲೋ ಒಬ್ಬ ಎದುರಾಳಿ ಸಿಕ್ಕ. ಟೈಲರಮ್ಮ ತಮಗೆ ಬಾಯಿಪಾಠವಾಗಿದ್ದ ದಾರಿಯಲ್ಲೇ ಆಟ ತಂದರು. ಕಣ್ಣಿದ್ದ ಕಾಲದಲ್ಲಿ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರ ಕೈಯಲ್ಲಿ ಮೂರು ಸಲ ಸೋತು ಕಲಿತ ದಾರಿ ಅದು. ಅದರಲ್ಲಿ ಒಂದು ನಡೆಯಿದೆ. ನೋಡಿದರೆ ಸಾಧು, ಯಾರಾದರೂ ಭೇಷ್ ಅನ್ನಬೇಕು, ಆರು ನಡೆ ಕಳೆದ ಮೇಲೆ ಕುತ್ತಿಗೆಗೆ ಬರುತ್ತದೆ. ಕಂಪೌಂಡರ್ ತಲೆಕೆಳಗಾಗಿ ನಿಂತರೂ ಅವರ ಬುದ್ಧಿಗೆ ಹೊಳೆಯುವಂಥದ್ದಲ್ಲ.

ಹನ್ನೆರಡು ನಡೆಗೂ "ಆಯ್ತು" ಬಂತು.

"ಒಂಟೆ ಡಿ ಮೂರು," ಎಂದರು ಟೈಲರಮ್ಮ, ಮಾಮೂಲಿ ದನಿಯಲ್ಲಿ.

ಒಂದು ಉಸಿರು. ಎರಡು. ಮೂರು.

"ಒಂಟೆ... ಡಿ ಮೂರಾ?"

ಟೈಲರಮ್ಮ ಮೇಜಿನಾಚೆ ಕೈ ಚಾಚಿದರು. ಗಂಡನ ಮೊಣಕಾಲು ಸಿಕ್ಕಿತು, ಟವೆಲ್ ಸಿಕ್ಕಿತು. ಕಂಪೌಂಡರ್ ಹಿಂದಕ್ಕೆ ಸರಿಯುವ ಮೊದಲೇ ಟವೆಲಿನಡಿ ಬೆರಳು ಹೋಗಿತ್ತು. ಫೋನು. ಇಸ್ತ್ರಿ ಪೆಟ್ಟಿಗೆ ಆರಿಸಿದ ಮೇಲೂ ಇರುವ ಹಾಗೆ ಬೆಚ್ಚಗಿತ್ತು. ಒಳಗೆ ಚೆಸ್ ಎಂಜಿನು, ಯಾವ ನಡೆ ಸರಿ ಯಾವುದು ತಪ್ಪು ಎಂದು ತೋರಿಸುವ ಆ್ಯಪ್, ಇನ್ನೂ ಲೆಕ್ಕ ಹಾಕುತ್ತಿತ್ತು.

ಅವರು ಅದನ್ನು ಎತ್ತಿ ಮೇಜಿನ ಮೇಲೆ, ಇಬ್ಬರ ನಡುವೆ ಇಟ್ಟರು.

"ಯಾವಾಗಿಂದ?"

"ನೋಡು, ನಾನು ಒಂದು ನಡೆಯೂ ಹೇಳಿಕೊಟ್ಟಿಲ್ಲ."

"ಯಾವಾಗಿಂದ ಅಂತ ಕೇಳಿದೆ ಕಂಪೌಂಡರೇ. ಚೀಟಿ ಓದೋರಿಗೆ ಕಿವಿ ಕೇಳಲ್ವಾ?"

"ಮೊದಲನೇ ಭಾನುವಾರದಿಂದ." ಕಂಪೌಂಡರ್ ಟವೆಲ್ಲನ್ನು ಮಡಿಸತೊಡಗಿದರು. "ಆದ್ರೆ ಇದನ್ನ ಆಡು ಅಂತ ನಾನು ಯಾವತ್ತಾದ್ರೂ ಅಂದಿದ್ದೀನಾ? ನೀನೇ ಯೋಚನೆ ಮಾಡ್ತಿದ್ದೆ, ನೀನೇ ಸರಿ ನಡೆ ಹುಡುಕ್ತಿದ್ದೆ. ನಾನು ಕೇಳ್ತಿದ್ದೆ, ಅಷ್ಟೇ. ಕೇಳೋದೂ ತಪ್ಪಾ?"

"ತಪ್ಪಿದ್ದಾಗ ಮಾತ್ರ ಕೇಳಿದ್ರಲ್ಲ, ಅದೇ ಹೇಳಿಕೊಟ್ಟಿದ್ದು. ಇಲ್ಲಿ ಹಳ್ಳ ಇದೆ ಅಂತ ಕೈ ಹಿಡಿದು ನಿಲ್ಲಿಸಿದ ಹಾಗೆ. ರಸ್ತೇಲಿ ನಿಲ್ಲಿಸಿ. ಬಚ್ಚಲಲ್ಲಿ ನಿಲ್ಲಿಸಿ. ಇಲ್ಲಿಗೂ ಬಂದ್ರಾ?"

"ಹೋದ ವರ್ಷದ ಪಂದ್ಯದಲ್ಲಿ ನಾಲ್ಕು ಆಟ ಸಾಲಾಗಿ ಸೋತೆಯಲ್ಲ. ಮೂರು ದಿನ ಗೋಡೆ ಕಡೆ ತಿರುಗಿ ಮಲಗಿದ್ದೆ. ಒಂದು ಮಾತಿಲ್ಲ, ಊಟ ಇಲ್ಲ. ನಂಗೆ ನೋಡಕ್ಕಾಗ್ಲಿಲ್ಲ."

"ನೋಡಬೇಡಿ. ನಂಗೂ ಕಾಣಲ್ಲ, ನೀವೂ ಕಣ್ಣು ಮುಚ್ಕೊಳ್ಳಿ." ಟೈಲರಮ್ಮ ಫೋನನ್ನು ಗಂಡನ ಕಡೆ ತಳ್ಳಿದರು. "ಅದು ನನ್ನ ಸೋಲು ರೀ. ನಾನೇ ಸೋತದ್ದು. ಈ ಮನೇಲಿ ನಾನು ಒಬ್ಬಳೇ ಮಾಡಿದ ಕೆಲಸ ಅಂತ ಅದೊಂದಿತ್ತು."

"ಇದೇ ಕೇಳೋದ್ರಿಂದ ಅಂಗಡೀಲಿ ಒಂದು ಮಗು ಉಳಿದಿದೆ."

"ಅಲ್ಲಿ ಸಾಯ್ತಾರೆ. ಇಲ್ಲಿ ಸಾಯೋದು ಮರದ ರಾಜ. ಸಾಯ್ಲಿ ಬಿಡಿ. ನಿಮ್ಮ ಔಷಧಿ ಯಾರು ಕೇಳಿದ್ರು?" ಅವರು ಎದ್ದು ನಿಂತರು, ಕುರ್ಚಿ ಹಿಂದಕ್ಕೆ ಬಿತ್ತು. "ಆ ವೆಲ್ಡರ್, ಆರನೇ ಆಟದವನು, ಮುಗಿದ ಮೇಲೆ ಏನು ಕೇಳಿದ? 'ಅಮ್ಮಾ, ಆ ಕುದುರೆ ನಡೆ ಎಲ್ಲಿಂದ ತಂದ್ರಿ?' ನಾನೇನಂದೆ? 'ತಲೆಯಿಂದ' ಅಂದೆ. ನೀವು ಪಕ್ಕದಲ್ಲೇ ಕೂತಿದ್ರಿ. ನಕ್ಕಿರಿ ಕೂಡ. ಆ ಮನುಷ್ಯ ದಿನವಿಡೀ ಕಬ್ಬಿಣ ಕಾಯಿಸಿ, ಇರೋ ಒಂದು ಭಾನುವಾರ ನಮ್ಮ ಮುಂದೆ ಬಂದು ಕೂತ. ಅವನ ಆಟವನ್ನೂ ಕದ್ದಿರಿ, ನಂದನ್ನೂ ಕದ್ದಿರಿ."

ಕಂಪೌಂಡರ್ ಕುರ್ಚಿ ಎತ್ತಿ ನಿಲ್ಲಿಸಲು ಬಗ್ಗಿದರು.

"ಮುಟ್ಟಬೇಡಿ," ಎಂದರು ಟೈಲರಮ್ಮ. "ನಾನೇ ಬೀಳಿಸಿದ್ದು, ನಾನೇ ಎತ್ತುತ್ತೀನಿ."

ಲ್ಯಾಪ್‌ಟಾಪಿನಲ್ಲಿ ಎದುರಾಳಿ ಇನ್ನೂ ಕಾಯುತ್ತಿದ್ದ. ಸಮಯ ಮುಗಿದು, ಸೋತಿರೆಂದು ಅದು ಒಂದು ಸಣ್ಣ ಗಂಟೆ ಬಾರಿಸಿತು.

*

ಶುಕ್ರವಾರ ಕಂಪೌಂಡರ್ ಕೆಲಸಕ್ಕೆ ಹೋಗಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ತೊಳೆದರು, ತೊಳೆದದ್ದನ್ನೇ ಮತ್ತೆ ತೊಳೆದರು. ಟೈಲರಮ್ಮ ಕೋಣೆಯ ಬಾಗಿಲು ಹಾಕಿಕೊಂಡು, ಅಕ್ಷರ ಓದಿ ಹೇಳುವ ತಮ್ಮ ಫೋನಿನ ಕೈಯಲ್ಲಿ ಬುಧವಾರದ ಪತ್ರ ಓದಿಸಿದರು. ಗಂಡ ನುಂಗಿದ ಸಾಲು ಅಲ್ಲಿತ್ತು. ಸಹಾಯಕರು ಮರುಪ್ರಶ್ನಿಸಿದ ಹನ್ನೊಂದು ಸಲವೂ ಆಟಗಾರ್ತಿ ನಡೆ ಬದಲಿಸಿದ್ದಾರೆ, ಆದ ಕಾರಣ.

ಹನ್ನೊಂದು ಸಲವೂ. ಹತ್ತಲ್ಲ. ಒಂದು ಸಲವೂ ತಾವು 'ಅದೇ ನಡೆ' ಎಂದು ನಿಂತಿರಲಿಲ್ಲ.

ಅವರು ಆರನೇ ಆಟದ ಆ ಕುದುರೆ ನಡೆಯ ಜಾಗಕ್ಕೆ ಧ್ವನಿಯನ್ನು ತಂದರು. ಗಂಡನ ಮೇಲಿನ ಸಿಟ್ಟಿಗೆ ಇನ್ನೊಂದಿಷ್ಟು ಸೌದೆ ಸಿಗಲಿ ಎಂದೇ ತಂದದ್ದು. "ಒಂಟೆ ಬಿ ಐದು," ಎಂದಿತು ಅವರ ದನಿ, ಕುದುರೆಗೆ ಬದಲಾಯಿಸುವ ಮುಂಚಿನ ನಡೆ. ಆಮೇಲೆ ಮೌನ. ನಿನ್ನೆ ಅಂಗಡಿಯಲ್ಲಿ ಆ ಮೌನ ಗಂಡನದೆಂದುಕೊಂಡು ಗುಂಡಿ ಹಾಕಿದ್ದರು. ಈಗ ಫೋನನ್ನು ಕಿವಿಗೆ ಒತ್ತಿ ಹಿಡಿದಾಗ ಆ ಮೌನದೊಳಗೆ ಒಂದು ಪುಟ್ಟ ಸದ್ದು ಕೇಳಿಸಿತು.

"ಹ್ಮ್?"

ಗಂಡನದಲ್ಲ. ಅವರದೇ. ಆಮೇಲಷ್ಟೇ ಗಂಡ ಕೇಳಿದ್ದು, "ಒಂಟೆ... ಬಿ ಐದಾ?"

ಇನ್ನೊಮ್ಮೆ ಹಾಕಿದರು. ಮತ್ತೊಮ್ಮೆ. ಐದನೇ ಆಟಕ್ಕೆ ಹೋದರು, ಅಲ್ಲೂ ಒಂದು ಕಡೆ ಇತ್ತು. ನಾಲ್ಕನೆಯದರಲ್ಲಿ "ಹ್ಮ್" ಇರಲಿಲ್ಲ, ಆದರೆ ನಡೆ ಹೇಳಿ ಕಾಯುತ್ತಾ ಕೂತ ಉಸಿರು ಇತ್ತು. ಮೊದಲನೇ ಆಟದಲ್ಲಿ ಏನೂ ಇಲ್ಲ. ಅಲ್ಲಿ ಅವರ ದನಿ ಕತ್ತರಿಯ ಹಾಗೆ ಹೋಗುತ್ತಿತ್ತು, ಹಿಂದೆ ಮುಂದೆ ನೋಡುತ್ತಿರಲಿಲ್ಲ. ಎಲ್ಲೋ ಮೂರನೇ ವಾರದ ಹೊತ್ತಿಗೆ ಅವರ ಕಿವಿ ಗಂಡನ ಬಾಯಿಯ ಕಡೆ ತಿರುಗಿತ್ತು. ಗೊತ್ತಾಗಿ ತಿರುಗಿತ್ತಾ, ಗೊತ್ತಿಲ್ಲದೆ ತಿರುಗಿತ್ತಾ? ಕಿವಿಗೆ ಗೊತ್ತಿದ್ದದ್ದು ತಲೆಗೆ ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ತಾನೇ ನಂಬುತ್ತೇನಾ?

ಟೈಲರಮ್ಮ ಫೋನನ್ನು ಗೋಡೆಗೆ ಬೀಸಿ ಒಗೆಯಬೇಕೆಂದು ಕೈ ಎತ್ತಿದರು. ಒಗೆದರೆ ಹನ್ನೊಂದು ಗಂಟೆಗೆ ಮಾತಾಡುವುದು ಹೇಗೆ? ಎತ್ತಿದ ಕೈ ಇಳಿಯಿತು, ಸಿಟ್ಟು ಇಳಿಯಲಿಲ್ಲ. ಈಗ ಅದು ಎತ್ತ ತಿರುಗಿದರೂ ಗಂಡನೋ ತಾವೋ ಯಾರಾದರೊಬ್ಬರು ಎದುರಿಗೆ ಸಿಗುತ್ತಿದ್ದರು.

ಹನ್ನೊಂದಕ್ಕೆ ಸರಿಯಾಗಿ ಫೋನು ಬಂತು. ತೀರ್ಪುಗಾರರು ಹೆಂಗಸು. ಮಕ್ಕಳಿಗೆ ಪಾಠ ಹೇಳಿ ಅಭ್ಯಾಸವಿದ್ದ ಹಾಗೆ ಬಿಡಿಬಿಡಿಯಾಗಿ ಮಾತಾಡುತ್ತಿದ್ದರು. ಟೈಲರಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಊಟದ ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಅಂಗಡಿಯಿಂದ ತಂದ ಬಟ್ಟಲು, ಅದರ ಪಕ್ಕ ಗುಂಡಿಗಳ ಡಬ್ಬಿ. ಕಂಪೌಂಡರ್ ಎದುರಿಗೆ ಕೂತರು. ಇವತ್ತು ಟವೆಲ್ ಇರಲಿಲ್ಲ.

"ಮೇಡಂ, ನಾನೇ ಮಾಡಿದ್ದು," ಎಂದರು ಕಂಪೌಂಡರ್, ಯಾರೂ ಕೇಳುವ ಮೊದಲೇ. "ಫೋನಲ್ಲಿ ಎಂಜಿನ್ ಇಟ್ಕೊಂಡಿದ್ದೆ. ತಪ್ಪು ನಡೆ ಬಂದಾಗ ತಿರುಗಿ ಕೇಳ್ತಿದ್ದೆ. ಎಲ್ಲಾ ನನ್ನ ತಲೆ ಮೇಲೆ ಹಾಕಿ. ಇವಳಿಗೇನೂ..."

"ಸರ್, ಒಂದು ನಿಮಿಷ. ನಿಮ್ಮದು ಬರ್ಕೊಂಡೆ. ಅಮ್ಮ, ಈಗ ನಿಮ್ಮ ಹತ್ರ ಮಾತಾಡ್ತೀನಿ. ನಿಯಮ ಹೇಗಿದೆ ಅಂತ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಗೊತ್ತಿರಲಿಲ್ಲ ಅನ್ನೋ ಹಾಗಾಗಬಾರದು. ಸಹಾಯಕರು ಆಟಗಾರರಿಗೆ ತಿಳಿಯದೆ ಮಾಡಿದ್ದರೆ ಶಿಕ್ಷೆ ಸಹಾಯಕರಿಗೆ ಮಾತ್ರ. ನಿಮ್ಮ ಅಂಕ ಹಾಗೇ ಉಳಿಯುತ್ತೆ, ಭಾನುವಾರ ನಾವೇ ಒಬ್ಬರನ್ನ ಕಳಿಸ್ತೀವಿ, ನೀವು ಆಡಬಹುದು. ಆಟಗಾರರಿಗೆ ತಿಳಿದಿದ್ದರೆ ಆರೂ ಆಟ ರದ್ದು, ಎದುರು ಆಡಿದವರಿಗೆ ಅಂಕ ವಾಪಸ್ಸು, ನಿಮಗೆ ಒಂದು ವರ್ಷ ನಿಷೇಧ. ನಿಮ್ಮ ಮಾತನ್ನೇ ನಾವು ನಂಬ್ತೀವಿ. ಬೇರೆ ದಾರಿ ನಮಗಿಲ್ಲ."

"ಕೇಳಿ," ಎಂದರು ಟೈಲರಮ್ಮ.

"ಅಮ್ಮ, ನಿಮಗೆ ಗೊತ್ತಿತ್ತಾ?"

ಕಂಪೌಂಡರ್ ಉಸಿರು ಹಿಡಿದದ್ದು ಮೇಜಿನಾಚೆಯಿಂದ ಕೇಳಿಸಿತು. ಗೊತ್ತಿರಲಿಲ್ಲ ಅನ್ನು, ಅದೇ ತಾನೆ ನಿಜ ಎಂದು ಬೆಳಗ್ಗೆ ಬಾಗಿಲ ಹೊರಗೆ ನಿಂತು ಮೂರು ಸಲ ಹೇಳಿದ್ದರು. ಟೈಲರಮ್ಮ ಬಾಗಿಲು ತೆರೆದಿರಲಿಲ್ಲ. ಭಾನುವಾರ ಮೂರು ಗಂಟೆ. ಅರವತ್ತು ಜನ. ಬೇರೆ ಯಾರೋ ಬಂದು ಬರೀ ಆಯ್ತು, ಆಯ್ತು ಅನ್ನುತ್ತಾರೆ. ಕಬ್ಬಿಣ ಕಾಯಿಸುವ ಆ ಮನುಷ್ಯ ತನ್ನ ಸೋಲನ್ನು ನಂಬಿಕೊಂಡೇ ಇರುತ್ತಾನೆ.

"ಗೊತ್ತಿತ್ತು," ಎಂದರು.

ಮೇಜಿನಾಚೆ ಒಂದು ಉಸಿರು. ಎರಡು. ಮೂರು.

"ಗೊತ್ತಿತ್ತು... ಗೊತ್ತಿತ್ತಾ?"

ಕೇಳಿದ್ದು ಕಂಪೌಂಡರೇ. ಅದೇ ಎಳೆತ, ಕೊನೆಗೆ ದನಿ ಮೇಲಕ್ಕೆ ಏರುವ ಅದೇ ರೀತಿ. ಈ ಸಲ ತೊಡೆಯ ಮೇಲೆ ಏನೂ ಇರಲಿಲ್ಲ, ಮನುಷ್ಯ ಬೇಕೆಂದು ಕೇಳಿದ್ದೂ ಅಲ್ಲ. ಬಾಯಿ ತಾನಾಗೇ ಕೇಳಿಬಿಟ್ಟಿತ್ತು. ತೀರ್ಪುಗಾರರಿಗೂ ಅದು ಕೇಳಿಸಿರಬೇಕು. ಅವರು ತಮ್ಮ ಬಿಡಿಬಿಡಿ ದನಿಯಲ್ಲಿ, ಸ್ವಲ್ಪ ಮೆಲ್ಲಗೆ ಎಂದರು, "ಅಮ್ಮ, ನಾನಿನ್ನೂ ಬರ್ಕೊಂಡಿಲ್ಲ. ಬೇಕಾದ್ರೆ ಇನ್ನೊಂದು ಸಲ ಯೋಚನೆ ಮಾಡಿ ಹೇಳಿ."

ಟೈಲರಮ್ಮ ಬಾಗಿದ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ ಡಬ್ಬಿ ತೆರೆದರು. ಸಣ್ಣವನ್ನೆಲ್ಲ ಆಚೀಚೆ ಸರಿಸಿ, ತಳದಿಂದ ಕೋಟಿನ ಗುಂಡಿ ಒಂದನ್ನು ಹುಡುಕಿ ತೆಗೆದರು. ನಾಲ್ಕು ತೂತಿನದು, ಅಂಚು ಸ್ವಲ್ಪ ಮುಕ್ಕಾಗಿತ್ತು. ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬಟ್ಟಲಿನ ಮೇಲೆ ತಂದರು. ಗಂಡನ ಮುಖ ಎಲ್ಲಿರಬೇಕೋ ಅಲ್ಲಿಗೆ ಸರಿಯಾಗಿ ತಮ್ಮ ಮುಖ ತಿರುಗಿಸಿದರು.

"ಅದೇ ನಡೆ," ಎಂದರು. "ಬರ್ಕೊಳ್ಳಿ."

ಗುಂಡಿ ಬಟ್ಟಲಿಗೆ ಬಿದ್ದು, ಉಳಿದ ಹನ್ನೊಂದರ ಮೇಲೆ ಒಂದು ಸುತ್ತು ಹೊರಳಿ ನಿಂತಿತು. ಆಯ್ತು ಎಂದು ಯಾರೂ ಹೇಳಲಿಲ್ಲ.

ನೀವಾಗಿದ್ದರೆ, ಕಂಪೌಂಡರ್ ಹಾಗೆ ತಿರುಗಿ ಕೇಳಿದ ಮೇಲೆ, ಏನು ಮಾಡುತ್ತಿದ್ದಿರಿ?